ರೇಸಿಂಗ್ ಸಿಮ್ಯುಲೇಶನ್: ಮೊದಲ ದುಡ್ಡು ಬ್ರೇಕ್ ಪೆಡಲಿಗೆ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಸ್ಟೀರಿಂಗ್ ಹಿಡಿದು ಆಡುವ ಕಾರ್ ರೇಸಿಂಗ್ ಸಿಮ್ಯುಲೇಶನ್ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಸ್ಟೀರಿಂಗ್‌ಗಳ ಬೆಲೆ, ಒಳಗಿನ ಮೋಟರಿನ ಬಲ, ಬಾಗಿದ ಪರದೆಯ ಅಂದ ಎಲ್ಲವೂ ಅದರಲ್ಲಿದ್ದವು. ಬ್ರೇಕ್ ಪೆಡಲ್ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಹೊಸಬರು ಸಾಮಾನು ಕೊಳ್ಳುವುದೂ ಇದೇ ಕ್ರಮದಲ್ಲಿ: ಮೊದಲು ದೊಡ್ಡ ಸ್ಟೀರಿಂಗ್, ಆಮೇಲೆ ದೊಡ್ಡ ಪರದೆ, ಕೊನೆಗೆ ದುಡ್ಡು ಉಳಿದರೆ ಪೆಡಲ್. ಇದು ತಲೆಕೆಳಗಾದ ಲೆಕ್ಕ. ಲ್ಯಾಪ್ ಸಮಯ, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿಯುವ ಸಮಯ, ಸೋರಿಹೋಗುವುದು ಹೆಚ್ಚಾಗಿ ಬ್ರೇಕ್ ಒತ್ತಿದ ಕ್ಷಣದಿಂದ ಅದನ್ನು ಪೂರ್ತಿ ಬಿಡುವ ಕ್ಷಣದ ನಡುವೆ. ಆ ಎರಡು ಮೂರು ಸೆಕೆಂಡನ್ನು ಸರಿಮಾಡಿಕೊಳ್ಳದೆ ಎಷ್ಟು ಬಲದ ಮೋಟರ್ ತಂದರೂ ಪ್ರಯೋಜನವಿಲ್ಲ.

ಇಲ್ಲಿ ಹೇಳುತ್ತಿರುವುದು ಮೊಬೈಲಿನಲ್ಲಿ ಬೆರಳಾಡಿಸುವ ಕಾರಿನ ಆಟಗಳ ಮಾತಲ್ಲ. ಅಸೆಟ್ಟೊ ಕೋರ್ಸಾ, ಅದರ ಮುಂದಿನ ಅವತಾರ ಕಾಂಪಿಟಿಜಿಯೋನೆ, ಅಮೆರಿಕದ ಐರೇಸಿಂಗ್, ಆರ್‌ಫ್ಯಾಕ್ಟರ್ 2 ಇವೆಲ್ಲ ಬೇರೆ ಜಾತಿಯವು. ಅಸೆಟ್ಟೊ ಕೋರ್ಸಾ 2014ರಲ್ಲಿ ಪೂರ್ಣರೂಪದಲ್ಲಿ ಬಂತು, ಕಾಂಪಿಟಿಜಿಯೋನೆ 2019ರಲ್ಲಿ. ಇವೆರಡನ್ನೂ ಮಾಡಿದ್ದು ಇಟಲಿಯ ಕುನೋಸ್ ಸಿಮುಲಾಜಿಯೋನಿ. ರೋಮ್ ಸಮೀಪದ ವಲ್ಲೆಲುಂಗಾ ಸರ್ಕ್ಯೂಟಿನ ಆವರಣದಲ್ಲೇ ಕಚೇರಿ ಮಾಡಿಕೊಂಡು ಬೆಳೆದ ಸಂಸ್ಥೆ ಅದು. ಐರೇಸಿಂಗ್ 2008ರಿಂದ ನಡೆಯುತ್ತಿದೆ. ಈ ಆಟಗಳಲ್ಲಿ ಟ್ರ್ಯಾಕ್‌ಗಳನ್ನು ಲೇಸರ್‌ನಿಂದ ಅಳೆದು ಉಬ್ಬು ತಗ್ಗುಗಳ ಸಮೇತ ಕಂಪ್ಯೂಟರಿಗೆ ಇಳಿಸಿರುತ್ತಾರೆ. ಪ್ರತಿ ಟೈರಿನ ಮೇಲೆ ಬಿದ್ದ ಭಾರ, ಅದರ ಬಿಸಿ, ಒಳಗಿನ ಗಾಳಿಯ ಒತ್ತಡ, ಅದು ಜಾರುತ್ತಿರುವ ಕೋನ ಇವನ್ನು ಆಟವೇ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕುತ್ತದೆ. ಆದ್ದರಿಂದ ನಿಜವಾದ ಕಾರಿನಲ್ಲಿ ನಡೆಯದ್ದು ಇಲ್ಲೂ ನಡೆಯುವುದಿಲ್ಲ. ಬೇರೆ ಆಟಗಳಲ್ಲಿ ತಿರುವಿನ ನಡುವೆ ಬ್ರೇಕ್ ತಟ್ಟಿದರೆ ಕಾರು ಚಂದವಾಗಿ ಅಡ್ಡ ಜಾರಿ ಮುಂದೆ ಹೋಗುತ್ತದೆ. ಇಲ್ಲಿ ಹಾಗೆ ತಟ್ಟಿದರೆ ಹಿಂಬದಿ ಮುಂದೆ ಬಂದು ಕಾರು ಹುಲ್ಲಿನ ಮೇಲೆ ನಿಂತಿರುತ್ತದೆ.

ಯಾಕೆ ಅನ್ನುವುದಕ್ಕೆ ಸಣ್ಣದೊಂದು ಲೆಕ್ಕ ಸಾಕು. 1,300 ಕೆ.ಜಿ. ತೂಕದ ಕಾರು, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.6 ಮೀಟರ್, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನಿಂತಾಗ ಮುಂದೆ 650, ಹಿಂದೆ 650. 1 ಜಿ ಬಲದಲ್ಲಿ, ಅಂದರೆ ಗುರುತ್ವಾಕರ್ಷಣೆಯಷ್ಟೇ ಬಲದಲ್ಲಿ, ಬ್ರೇಕ್ ಹಿಡಿದರೆ 1,300ನ್ನು 0.5ರಿಂದ ಗುಣಿಸಿ 2.6ರಿಂದ ಭಾಗಿಸಿದಷ್ಟು, ಅಂದರೆ 250 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಈಗ ಮುಂದೆ 900, ಹಿಂದೆ ಬರೀ 400. ಮುಂದಿನ ಟೈರ್‌ಗಳು ನೆಲ ಕಚ್ಚಿ ಹಿಡಿದಿರುತ್ತವೆ, ಹಿಂದಿನವು ಹಗುರಾಗಿರುತ್ತವೆ. ಈ ಹೊತ್ತಿನಲ್ಲಿ ಬ್ರೇಕನ್ನು ಗಕ್ಕನೆ ಬಿಟ್ಟರೆ ಮುಂದಿದ್ದ 250 ಕೆ.ಜಿ. ವಾಪಸ್ ಹಿಂದಕ್ಕೆ ಓಡುತ್ತದೆ. ತಿರುಗಬೇಕಾದ ಕ್ಷಣದಲ್ಲೇ ಮೂತಿಗೆ ಹಿಡಿತವಿಲ್ಲ, ಕಾರು ನೇರ ಹೋಗುತ್ತದೆ. ಬ್ರೇಕನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಅದೇ ಹೊತ್ತಿಗೆ ಸ್ಟೀರಿಂಗ್ ತಿರುಗಿಸುತ್ತಾ ಹೋದರೆ ಮುಂದಿನ ಟೈರಿನ ಮೇಲೆ ಭಾರ ಉಳಿದು ಕಾರು ತಾನಾಗಿ ಒಳಕ್ಕೆ ಬಾಗುತ್ತದೆ. ಟ್ರೇಲ್ ಬ್ರೇಕಿಂಗ್ ಅನ್ನುವುದು ಇದನ್ನೇ. ಇದರಲ್ಲಿ ಕೈಗಿಂತ ಕಾಲಿಗೇ ಹೆಚ್ಚು ಕೆಲಸ.

ಗಾಳಿಯ ಒತ್ತಡದಿಂದ ನೆಲಕ್ಕೆ ಅಂಟಿಕೊಳ್ಳುವ ಜಿಟಿ3ಯಂಥ ಕಾರುಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಇಟಲಿಯ ಮೊನ್ಜಾ ಟ್ರ್ಯಾಕಿನ ಮೊದಲ ತಿರುವನ್ನೇ ತೆಗೆದುಕೊಳ್ಳಿ. ನೇರ ರಸ್ತೆಯ ಕೊನೆಗೆ ಗಂಟೆಗೆ ಸುಮಾರು 260 ಕಿ.ಮೀ. ವೇಗ ಇರುತ್ತದೆ, ತಿರುವಿಗೆ ಅದು 80ರ ಆಸುಪಾಸಿಗೆ ಇಳಿಯಬೇಕು. ಸರಾಸರಿ 1.6 ಜಿ ಬಲದಲ್ಲಿ ಹಿಡಿದರೆ ಇದಕ್ಕೆ ಬೇಕಾಗುವುದು ಸುಮಾರು 150 ಮೀಟರ್ ದೂರ, ಮೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು ಸಮಯ. ಆದರೆ ಕಾರನ್ನು ಕೆಳಕ್ಕೆ ಅದುಮುವ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 260ರಲ್ಲಿ ಇದ್ದದ್ದು 130ಕ್ಕೆ ಬರುವಷ್ಟರಲ್ಲಿ ಕಾಲು ಭಾಗವಾಗಿರುತ್ತದೆ. ಮೊದಲ ಕ್ಷಣದಲ್ಲಿ ಪೂರ್ತಿ ಒತ್ತಿದರೂ ತಡೆದುಕೊಳ್ಳುವ ಟೈರು ಒಂದೂವರೆ ಸೆಕೆಂಡಿನ ನಂತರ ಅಷ್ಟೇ ಒತ್ತಿದರೆ ಉರುಳುವುದು ನಿಂತು ಲಾಕ್ ಆಗುತ್ತದೆ, ಇಲ್ಲವೇ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಗೊರಗೊರ ಎನ್ನುತ್ತಾ ಅದನ್ನು ಸಂಭಾಳಿಸಬೇಕಾಗುತ್ತದೆ. ಎಬಿಎಸ್ ಇದೆಯಲ್ಲ ಎಂದು ಕೊನೆಯವರೆಗೂ ತುಳಿದೇ ಇರುವವರು ತುಂಬಾ ಜನ. ಕಾರು ನಿಲ್ಲುವುದೇನೋ ನಿಲ್ಲುತ್ತದೆ, ತಿರುಗುವುದಿಲ್ಲ. ನಿಲ್ಲಿಸುವುದಕ್ಕೇ ಹಿಡಿತ ಪೂರ್ತಿ ಖರ್ಚಾದ ಮೇಲೆ ತಿರುಗಿಸುವುದಕ್ಕೆ ಟೈರಿನಲ್ಲಿ ಉಳಿಯುವುದು ಏನೂ ಇಲ್ಲ.

ಅಂದರೆ 100, 85, 60, 35, 15, 0 ಹೀಗೆ ಕಾಲಿನ ಒತ್ತಡವನ್ನು ಜಾರಿಸಿಕೊಂಡು ಹೋಗಲು ಬರಬೇಕು. ಇಲ್ಲಿ ಪೆಡಲಿನ ಒಳಗೆ ಏನಿದೆ ಎಂಬುದು ಮುಖ್ಯವಾಗುತ್ತದೆ. ಅಗ್ಗದ ಪೆಡಲ್‌ಗಳಲ್ಲಿ ಇರುವುದು ಪೊಟೆನ್ಶಿಯೋಮೀಟರ್. ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನೊಳಗೂ ಇದೇ ಇತ್ತು. ಪೆಡಲ್ ಎಷ್ಟು ದೂರ ಹೋಯಿತು ಎಂಬುದನ್ನಷ್ಟೇ ಅದು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲ್ ಅಳೆಯುವುದು ಎಷ್ಟು ಬಲದಿಂದ ಒತ್ತಿದಿರಿ ಎಂಬುದನ್ನು. ರೇಸ್ ಕಾರಿನ ಬ್ರೇಕ್ ಪೆಡಲ್ ಹೆಚ್ಚು ದೂರ ಕೆಳಗಿಳಿಯುವುದೇ ಇಲ್ಲ, ಒತ್ತಿದ ಬಲಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಕಾಲಿಗೂ ಇಷ್ಟು ಮಿಲಿಮೀಟರ್ ಎಂಬುದಕ್ಕಿಂತ ಇಷ್ಟು ಒತ್ತು ಎಂಬುದೇ ಬೇಗ ಅಭ್ಯಾಸವಾಗುತ್ತದೆ. ಒಂದೇ ತಿರುವಿಗೆ ಸತತ ಹತ್ತು ಲ್ಯಾಪ್ ಒಂದೇ ಥರ ಬ್ರೇಕ್ ಹಾಕಲು ಇದರಿಂದಲೇ ಸಾಧ್ಯ. ಲೋಡ್ ಸೆಲ್ ಕೊಂಡವರು ಮೊದಲ ದಿನವೇ 60 ಕೆ.ಜಿ.ಗೆ ಹೊಂದಿಸಿ ಗಂಡಸುತನ ತೋರಿಸಲು ಹೋಗಬಾರದು. 25ರಿಂದ 30 ಕೆ.ಜಿ. ಒತ್ತಿದಾಗ ಆಟದಲ್ಲಿ ನೂರು ಪ್ರತಿಶತ ಬರುವಂತೆ ಇಟ್ಟುಕೊಂಡರೆ ಅರ್ಧ ಗಂಟೆಯ ನಂತರವೂ ಕಾಲು ನಡುಗುವುದಿಲ್ಲ. ಬಲ ಹೆಚ್ಚಿಸುವುದು ಆಮೇಲೆ, ಅದೂ ಕುರ್ಚಿ ಗಟ್ಟಿಯಾದ ಮೇಲೆ.

ಎಲ್ಲರೂ ಲೋಡ್ ಸೆಲ್ ಕೊಳ್ಳಲೇಬೇಕೆಂದಿಲ್ಲ. ನಮ್ಮಲ್ಲಿ ಹೆಚ್ಚು ಕಾಣುವ ಲಾಜಿಟೆಕ್ ಜಿ29 ಎಂಬ ಸ್ಟೀರಿಂಗ್, ಪೆಡಲ್ ಜೋಡಿಯನ್ನೇ ಇಟ್ಟುಕೊಂಡು ಮಾಡಬಹುದಾದ ಕೆಲಸಗಳಿವೆ. ಅದರ ಬ್ರೇಕ್ ಸ್ಪ್ರಿಂಗಿನ ಒಳಗೆ ಒಂದು ರಬ್ಬರ್ ತುಂಡಿದೆ. ಮೊದಲರ್ಧ ಪೆಡಲ್ ಸಲೀಸಾಗಿ ಹೋಗುತ್ತದೆ, ರಬ್ಬರಿಗೆ ತಾಗಿದ ಮೇಲೆ ಗೋಡೆ ಒತ್ತಿದಂತಾಗುತ್ತದೆ. ಹಗುರ ಮೈಕಟ್ಟಿನ ಹುಡುಗ ಹುಡುಗಿಯರಿಗೆ ನೂರು ಪ್ರತಿಶತ ಬರುವುದೇ ಇಲ್ಲ. ತಾವು ಪೂರ್ತಿ ಬ್ರೇಕ್ ಹಾಕಿದ್ದೇವೆ ಅಂದುಕೊಂಡಿರುತ್ತಾರೆ, ಆಟಕ್ಕೆ ತಲುಪಿರುವುದು 70. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆರೆದು ಬ್ರೇಕ್ ಪಟ್ಟಿ ತುದಿ ಮುಟ್ಟುತ್ತದೆಯೇ ಎಂದು ಮೊದಲು ನೋಡಿ. ಮುಟ್ಟದಿದ್ದರೆ ಪೆಡಲ್ ಬಿಚ್ಚಿ ಆ ರಬ್ಬರನ್ನು ತೆಗೆಯಬಹುದು, ಇಲ್ಲವೇ ಮೆತ್ತಗಿನ ರಬ್ಬರ್ ಹಾಕಬಹುದು. ಬಿಚ್ಚಲು ಮನಸ್ಸಿಲ್ಲದವರು, ವಾರಂಟಿ ಇರುವವರು ಆಟದ ಒಳಗೇ ನೂರರ ಗಡಿಯನ್ನು ಕೆಳಕ್ಕೆ ತರಬಹುದು.

ಬ್ರೇಕ್ ಗಾಮಾ ಎಂಬ ಸೆಟ್ಟಿಂಗ್ ಅನ್ನು ಬಹಳ ಜನ ಮುಟ್ಟುವುದೇ ಇಲ್ಲ. ಅದು 1 ಇದ್ದರೆ ಅರ್ಧ ಒತ್ತಿದಾಗ ಅರ್ಧ ಬ್ರೇಕ್. 2 ಇದ್ದರೆ ಅರ್ಧ ಒತ್ತಿದಾಗ ಕಾಲು ಭಾಗ ಬ್ರೇಕ್. ಲೋಡ್ ಸೆಲ್‌ಗೆ 1 ಸರಿ. ಮೊದಲರ್ಧ ತೀರಾ ಸಡಿಲಾಗಿರುವ ಸ್ಪ್ರಿಂಗ್ ಪೆಡಲ್‌ಗೆ 1.5ರಿಂದ 2ರವರೆಗೆ ಇಟ್ಟರೆ ಕೊನೆಯ ಹದಿನೈದು ಇಪ್ಪತ್ತು ಪ್ರತಿಶತವನ್ನು ಹದವಾಗಿ ಬಿಡಲು ಜಾಗ ಸಿಗುತ್ತದೆ. ಲಾಜಿಟೆಕ್ ತಂತ್ರಾಂಶದಲ್ಲಿ ‘ಕಂಬೈನ್ಡ್ ಪೆಡಲ್ಸ್’ ಎಂಬ ಆಯ್ಕೆ ಚಾಲೂ ಇದ್ದರೆ ಅದನ್ನು ತೆಗೆಯಿರಿ. ಅದಿದ್ದಾಗ ಆಕ್ಸಿಲರೇಟರ್ ಮತ್ತು ಬ್ರೇಕ್ ಎರಡೂ ಒಂದೇ ಕಡ್ಡಿಯ ಎರಡು ತುದಿಯಂತೆ ಕೆಲಸ ಮಾಡುತ್ತವೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಒಂದೆರಡು ವರ್ಷ ಬಳಸಿದ ಪೆಡಲಿನಲ್ಲಿ ಕಾಲು ತೆಗೆದ ಮೇಲೂ ಬ್ರೇಕ್ ಪಟ್ಟಿ 3, 4 ಪ್ರತಿಶತದಲ್ಲಿ ನಡುಗುತ್ತಿದ್ದರೆ ಪೊಟೆನ್ಶಿಯೋಮೀಟರಿನೊಳಗೆ ಧೂಳು ಸೇರಿದೆ ಎಂದರ್ಥ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪೆಡಲನ್ನು ಹತ್ತಿಪ್ಪತ್ತು ಸಲ ಆಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ 3 ಪ್ರತಿಶತ ಡೆಡ್‌ಝೋನ್ ಇಡಿ, ಅಂದರೆ ಅಷ್ಟರೊಳಗಿನ ಒತ್ತನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿ. ಇಡದಿದ್ದರೆ ಇಡೀ ನೇರ ರಸ್ತೆಯುದ್ದಕ್ಕೂ ಬ್ರೇಕ್ ಸಣ್ಣಗೆ ಹಿಡಿದೇ ಇರುತ್ತದೆ. ಕಾರಿಗೆ ವೇಗ ಬರುವುದಿಲ್ಲ, ಬ್ರೇಕ್ ಬಿಸಿಯಾಗುತ್ತದೆ, ಆಡುವವರಿಗೆ ಕಾರಣ ತಿಳಿಯುವುದಿಲ್ಲ.

ಇನ್ನು ನಮ್ಮ ಮನೆಗಳದ್ದೇ ಒಂದು ತೊಂದರೆ. ಈ ಪೆಡಲ್‌ಗಳನ್ನು ಮಾಡಿದ್ದು ನೆಲಹಾಸು ಇರುವ ಮನೆಗಳಿಗೆ. ಜಿ29ರ ಅಡಿಯಲ್ಲಿ ಕಾರ್ಪೆಟ್ ಕಚ್ಚಿಕೊಳ್ಳುವ ಹಲ್ಲುಗಳೇ ಇವೆ. ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಆ ಹಲ್ಲಿಗೆ ಕಚ್ಚಲು ಏನಿದೆ? ಜೋರಾಗಿ ಬ್ರೇಕ್ ಒತ್ತಿದೊಡನೆ ಪೆಡಲ್ ಮುಂದಕ್ಕೆ, ಗಾಲಿ ಕುರ್ಚಿ ಹಿಂದಕ್ಕೆ. ಕಾಲಿನ ಬಲ ಜಾರುವುದಕ್ಕೇ ವ್ಯಯವಾದರೆ ಲೋಡ್ ಸೆಲ್ ಇದ್ದರೂ ಅಳೆಯುವುದೇನು? 18 ಮಿ.ಮೀ. ಪ್ಲೈವುಡ್ ಹಲಗೆಯೊಂದನ್ನು ಪೆಡಲಿನಿಂದ ಗೋಡೆಯವರೆಗೆ ಮುಟ್ಟುವಷ್ಟು ಉದ್ದಕ್ಕೆ ಕತ್ತರಿಸಿ, ಅದರ ಮೇಲೆ ಪೆಡಲನ್ನು ಬೋಲ್ಟ್ ಮಾಡಿ, ಹಲಗೆಯ ತುದಿಯನ್ನು ಗೋಡೆಗೆ ಒತ್ತಿಡುವುದು ಅತ್ಯಂತ ಅಗ್ಗದ ಪರಿಹಾರ. ಪೆಡಲಿನ ತಳದ ತೂತುಗಳಿಗೆ ಎಂ6 ಬೋಲ್ಟ್ ಹಿಡಿಯುತ್ತದೆ. ಹಲಗೆಯ ದಪ್ಪ ಲೆಕ್ಕ ಹಾಕದೆ ಉದ್ದದ ಬೋಲ್ಟ್ ಬಿಗಿದರೆ ಒಳಗಿನ ಪ್ಲಾಸ್ಟಿಕ್ ಒಡೆಯುತ್ತದೆ, ಆದ್ದರಿಂದ ಕೈಯಲ್ಲಿ ತಿರುಗಿಸಿ ಎಷ್ಟು ಒಳಹೋಗುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕುರ್ಚಿಗೆ ಬಂದರೆ, ಗಾಲಿಗಳನ್ನು ಕಿತ್ತಿಟ್ಟು ಆಡುವುದು ಒಳ್ಳೆಯದು. ಕೀಳಲು ಬರದಿದ್ದರೆ ಕುರ್ಚಿಯ ಕಂಬಕ್ಕೂ ಪೆಡಲ್ ಹಲಗೆಗೂ ಲಗೇಜ್ ಪಟ್ಟಿ ಬಿಗಿಯಿರಿ. ಒತ್ತಿದಷ್ಟೂ ಎರಡೂ ಒಂದನ್ನೊಂದು ಎಳೆದು ಹಿಡಿಯುತ್ತವೆ. ಗಾಲಿಗಳನ್ನು ಹಳೆಯ ಬೂಟುಗಳೊಳಗೆ ಇಳಿಸಿ ಕೂರುವವರೂ ಇದ್ದಾರೆ. ನೋಡಲು ನಗು ಬಂದರೂ ಕೆಲಸ ಆಗುತ್ತದೆ.

ದುಡ್ಡು ಇದ್ದವರು ಚೌಕಟ್ಟು ಮಾಡಿಸುವುದು ಸರಿ. ವಿದೇಶದಿಂದ ತರಿಸಬೇಕಾದ ವಸ್ತು ಅದಲ್ಲ. 40 ಮಿ.ಮೀ. ಚದರ ಕಬ್ಬಿಣದ ಕೊಳವೆ, 2 ಮಿ.ಮೀ. ದಪ್ಪದ್ದು, ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಬಿಚ್ಚಿ ಹೊಂದಿಸುವ ಹಾಗೆ ಬೇಕಿದ್ದರೆ ಕಾರ್ಖಾನೆಗಳಲ್ಲಿ ಯಂತ್ರದ ಚೌಕಟ್ಟಿಗೆ ಬಳಸುವ ಅಲ್ಯೂಮಿನಿಯಂ ಪ್ರೊಫೈಲ್ ಇದೆ: ಉದ್ದ ತೊಲೆಗಳಿಗೂ ಪೆಡಲ್ ಕೂರುವ ಜಾಗಕ್ಕೂ 40×80, ಉಳಿದದ್ದಕ್ಕೆ 40×40. ಸೀಟಿಗೆ ಗುಜರಿಯಲ್ಲಿ ಸಿಗುವ ಹಳೆಯ ಕಾರಿನ ಸೀಟು ಸಾಕು, ಜಾರುವ ಹಳಿ ಸಮೇತ ತನ್ನಿ. ಚೌಕಟ್ಟು ಗಟ್ಟಿಯಾಗಬೇಕಾದ ಜಾಗ ಪೆಡಲಿನ ಹಿಂಬದಿ. ಅಲ್ಲಿ ಆಸರೆ ಕೊಡದೆ ಬಿಟ್ಟರೆ 40 ಕೆ.ಜಿ. ಒತ್ತಿದಾಗ ತಟ್ಟೆ ಬಾಗುತ್ತದೆ, ಬ್ರೇಕ್ ಸ್ಪಂಜಿನಂತಾಗುತ್ತದೆ. ಸ್ಟೀರಿಂಗ್ ಕಂಬ ಸ್ವಲ್ಪ ಅಲುಗಿದರೆ ಅಷ್ಟು ನಷ್ಟವಿಲ್ಲ.

ಬ್ರೇಕ್ ಎಲ್ಲಿ ಹಾಕಬೇಕೆಂದು ಹೇಳುವುದು ಕಣ್ಣು. ಆದ್ದರಿಂದ ಪರದೆಯ ಗಾತ್ರಕ್ಕಿಂತ ‘ಫೀಲ್ಡ್ ಆಫ್ ವ್ಯೂ’, ಅಂದರೆ ಪರದೆಯಲ್ಲಿ ಎಷ್ಟು ಕೋನದ ನೋಟ ತೋರಿಸಬೇಕೆಂಬ ಸಂಖ್ಯೆ ಮುಖ್ಯ. 27 ಇಂಚಿನ ಸಾಮಾನ್ಯ ಮಾನಿಟರ್ ಸುಮಾರು 60 ಸೆಂ.ಮೀ. ಅಗಲ, 34 ಸೆಂ.ಮೀ. ಎತ್ತರ ಇರುತ್ತದೆ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿಟ್ಟರೆ ಅದು ನಿಜವಾಗಿ ತುಂಬುವುದು ಮೇಲೆ ಕೆಳಗೆ 31 ಡಿಗ್ರಿ, ಅಡ್ಡಲಾಗಿ 53 ಡಿಗ್ರಿ ಮಾತ್ರ. ಅಸೆಟ್ಟೊ ಕೋರ್ಸಾ ಕೇಳುವುದು ಮೇಲೆ ಕೆಳಗಿನ ಕೋನವನ್ನು, ಅಲ್ಲಿ 31 ಎಂದೇ ಹಾಕಬೇಕು. ಬೇರೆ ಅಳತೆಯ ಪರದೆಗೆ ಲೆಕ್ಕ ಸುಲಭ: ಪರದೆಯ ಎತ್ತರದ ಅರ್ಧವನ್ನು ಕಣ್ಣಿನ ದೂರದಿಂದ ಭಾಗಿಸಿ, ಬಂದದ್ದರ ಟ್ಯಾನ್ ವಿಲೋಮ (ಕ್ಯಾಲ್ಕುಲೇಟರಿನ tan⁻¹) ತೆಗೆದು ಎರಡರಿಂದ ಗುಣಿಸಿ. ವೇಗ ಹೆಚ್ಚು ಅನಿಸಲಿ ಎಂದು ಎಷ್ಟೋ ಜನ 60 ಇಟ್ಟುಕೊಳ್ಳುತ್ತಾರೆ. ಆಗ ಮುಂದಿನ ತಿರುವು ಇರುವುದಕ್ಕಿಂತ ದೂರ ಕಾಣುತ್ತದೆ, ತಿರುವಿಗೆ ನೂರು ಮೀಟರ್ ಇದೆ ಎನ್ನುವ ಫಲಕ ಚುಕ್ಕೆಯಾಗುತ್ತದೆ, ಬ್ರೇಕ್ ಪ್ರತಿ ಸಲವೂ ತಡವಾಗುತ್ತದೆ. ಸರಿಯಾದ ಸಂಖ್ಯೆ ಹಾಕಿದ ಮೊದಲ ದಿನ ಕೊಳವೆಯಲ್ಲಿ ನೋಡಿದಂತೆ, ಕಾರು ತೆವಳಿದಂತೆ ಅನಿಸುತ್ತದೆ ನಿಜ. ವಾರ ಕಳೆಯುವಷ್ಟರಲ್ಲಿ ಕಣ್ಣು ಒಗ್ಗುತ್ತದೆ. ಪಕ್ಕದ ಕಾರು ಕಾಣದ ಕೊರತೆಗೆ ಕನ್ನಡಿ ಮತ್ತು ಹತ್ತಿರದ ಕಾರುಗಳನ್ನು ಪರದೆಯ ಮೇಲೆ ತೋರಿಸುವ ರಾಡಾರ್ ಸೂಚಕ ಇವೆ. ಮಾನಿಟರನ್ನೇ ಸ್ಟೀರಿಂಗಿನ ಹಿಂದಕ್ಕೆ ಆದಷ್ಟು ಹತ್ತಿರ ತರುವುದು ಇನ್ನೂ ಒಳ್ಳೆಯ ದಾರಿ.

ಹಾಲಿನ ಟಿ.ವಿ.ಗೆ ಜೋಡಿಸಿ ಆಡುವವರು ‘ಗೇಮ್ ಮೋಡ್’ ಹಾಕಿರಲೇಬೇಕು. ಚಿತ್ರವನ್ನು ಚಂದ ಮಾಡುವ ಸಂಸ್ಕರಣೆಗೆ ಟಿ.ವಿ. ನೂರು ಮಿಲಿಸೆಕೆಂಡ್ ತೆಗೆದುಕೊಂಡರೆ, 200 ಕಿ.ಮೀ. ವೇಗದಲ್ಲಿ ಕಾರು ಆಗಲೇ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ನೀವು ನೋಡುತ್ತಿರುವುದು ಕಾರು ಆಗಲೇ ದಾಟಿದ ಜಾಗ.

ಸ್ಟೀರಿಂಗ್ ಬೇಡವೇ ಬೇಡ ಎಂಬ ವಾದ ಇದಲ್ಲ. ಅದರ ಮೋಟರ್ ಇರುವುದು ಕೈ ಕುಲುಕುವುದಕ್ಕಲ್ಲ, ಒಂದು ಸುದ್ದಿ ಹೇಳುವುದಕ್ಕೆ. ಟೈರು ತಿರುಗಿಸಿದಷ್ಟೂ ಸ್ಟೀರಿಂಗ್ ಭಾರವಾಗುತ್ತದೆ, ಹಿಡಿತದ ಗಡಿ ಹತ್ತಿರವಾದಾಗ, ಗಡಿ ಮುಟ್ಟುವುದಕ್ಕೆ ತುಸು ಮೊದಲೇ, ಭಾರ ಇಳಿಯತೊಡಗುತ್ತದೆ. ಆ ಇಳಿತವೇ ‘ಇನ್ನು ತಿರುಗಿಸಬೇಡ, ಬ್ರೇಕನ್ನು ಇನ್ನಷ್ಟು ಬಿಡು’ ಎಂಬ ಸೂಚನೆ. ಜಿ29ರ ಮೋಟರಿನ ಬಲ ಸುಮಾರು 2 ನ್ಯೂಟನ್ ಮೀಟರ್. ಆಟದಲ್ಲಿ ಬಲ, ಅಂದರೆ ಗೇನ್, ಪೂರ್ತಿ ಏರಿಸಿಟ್ಟರೆ ಸಾಧಾರಣ ತಿರುವಿನಲ್ಲೇ ಮೋಟರ್ ತನ್ನ ಮಿತಿ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಕ್ಲಿಪ್ಪಿಂಗ್ ಎಂದರೆ ಇದೇ. ಏರಿಳಿತ ಸತ್ತುಹೋಗಿ ಬರೀ ಭಾರ ಉಳಿಯುತ್ತದೆ. ಅಸೆಟ್ಟೊ ಕೋರ್ಸಾದ ಪೆಡಲ್ ಪಟ್ಟಿಗಳ ಪಕ್ಕದಲ್ಲೇ ಸ್ಟೀರಿಂಗ್ ಬಲದ ಪಟ್ಟಿಯೂ ಇರುತ್ತದೆ. ವೇಗದ ಉದ್ದ ತಿರುವಿನಲ್ಲಿ ಅದು ಕೆಂಪಾಗಿಯೇ ಉಳಿದರೆ ಗೇನ್ ಇಳಿಸುತ್ತಾ ಬನ್ನಿ, ಟ್ರ್ಯಾಕಿನ ಅಂಚಿನ ಉಬ್ಬುಕಟ್ಟೆ, ಅಂದರೆ ಕರ್ಬ್, ಹತ್ತಿದಾಗ ಮಾತ್ರ ಕೆಂಪು ಮಿಂಚುವಷ್ಟಕ್ಕೆ ನಿಲ್ಲಿಸಿ. ಐರೇಸಿಂಗ್‌ನಲ್ಲಿ ಒಂದೆರಡು ಲ್ಯಾಪ್ ಓಡಿಸಿದ ಮೇಲೆ ‘ಆಟೊ’ ಗುಂಡಿ ಒತ್ತಿದರೆ ಅದೇ ಹೊಂದಿಸಿಕೊಡುತ್ತದೆ. ಸ್ಟೀರಿಂಗ್ ಕೋನ ತಂತ್ರಾಂಶದಲ್ಲೂ ಆಟದಲ್ಲೂ 900 ಡಿಗ್ರಿಯೇ ಇರಲಿ. ಸ್ಟೀರಿಂಗಿನ ಗಾಮಾ 1, ಫಿಲ್ಟರ್ ಸೊನ್ನೆ, ಸ್ಪೀಡ್ ಸೆನ್ಸಿಟಿವಿಟಿ ಸೊನ್ನೆ. ಇಷ್ಟು ಮಾಡಿದ ಜಿ29, ತಪ್ಪು ಹೊಂದಿಸಿದ 5 ನ್ಯೂಟನ್ ಮೀಟರ್ ಡೈರೆಕ್ಟ್ ಡ್ರೈವ್‌ಗಿಂತ (ಮೋಟರಿಗೆ ನೇರವಾಗಿ ಜೋಡಿಸಿದ ಸ್ಟೀರಿಂಗ್) ಹೆಚ್ಚು ಮಾತಾಡುತ್ತದೆ. ಡೈರೆಕ್ಟ್ ಡ್ರೈವ್ ಸುಖವೇ, ಆದರೆ ಅದು ಪೆಡಲ್ ಮತ್ತು ಚೌಕಟ್ಟಿನ ನಂತರದ ಖರ್ಚು. ಇನ್ನೊಂದು: ಆಡುವಾಗ ಕರೆಂಟ್ ಹೋಗಿ ಬಂದರೆ ಜಿ29ರ ಸ್ಟೀರಿಂಗ್ ಎರಡೂ ಕಡೆ ತಾನಾಗಿ ಪೂರ್ತಿ ತಿರುಗಿ ಮಧ್ಯ ಹುಡುಕಿಕೊಳ್ಳುತ್ತದೆ. ಆಗ ಕಡ್ಡಿಗಳ ನಡುವೆ ಬೆರಳಿಡಬೇಡಿ, ಹಿಡಿದು ತಡೆಯಲೂಬೇಡಿ. ತಡೆದರೆ ಮಧ್ಯಬಿಂದು ತಪ್ಪಿ ನೇರ ರಸ್ತೆಯಲ್ಲಿ ಕಾರು ಒಂದು ಕಡೆಗೆ ಎಳೆಯುತ್ತಿರುತ್ತದೆ.

ಅಭ್ಯಾಸಕ್ಕೆ ಕುಳಿತಾಗ ಕಾರು ಆರಿಸುವುದರಲ್ಲಿ ಜನ ದುಡುಕುತ್ತಾರೆ. ಮೊದಲ ದಿನವೇ ಫಾರ್ಮುಲಾ ಕಾರು, ಅದೂ ಜರ್ಮನಿಯ ನೂರ್‌ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ. 20.8 ಕಿ.ಮೀ. ಉದ್ದದ ಆ ಟ್ರ್ಯಾಕಿನಲ್ಲಿ ತಪ್ಪಿದ ತಿರುವು ಮತ್ತೆ ಬರಲು ಎಂಟು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಏನು ತಪ್ಪಿತು ಎಂಬುದೇ ಮರೆತಿರುತ್ತದೆ. ಐರೇಸಿಂಗ್‌ನಲ್ಲಿ ಹೊಸಬರಿಗೆ ಮಾಜ್ದಾ ಎಂಎಕ್ಸ್-5 ಮತ್ತು ಲೈಮ್ ರಾಕ್ ಪಾರ್ಕ್‌ನಂಥ ಚಿಕ್ಕ ಟ್ರ್ಯಾಕ್‌ಗಳನ್ನು ಕೊಟ್ಟಿರುವುದು ಇದಕ್ಕೇ. ಬಲ ಕಡಿಮೆ, ಗಾಳಿಯ ಅದುಮುವಿಕೆ ಇಲ್ಲ, ಭಾರ ಮುಂದೆ ಹಿಂದೆ ಓಡುವುದು ಚೆನ್ನಾಗಿ ಗೊತ್ತಾಗುತ್ತದೆ. ಅಸೆಟ್ಟೊ ಕೋರ್ಸಾದಲ್ಲಾದರೆ ಬಿಎಂಡಬ್ಲ್ಯು ಇ30 ಎಂ3 ಮತ್ತು ಬ್ರ್ಯಾಂಡ್ಸ್ ಹ್ಯಾಚಿನ ಚಿಕ್ಕ ಸುತ್ತು ಒಳ್ಳೆಯ ಜೋಡಿ. ಅಭಿಮಾನಿಗಳು ಮಾಡಿದ ಬುದ್ಧ್ ಸರ್ಕ್ಯೂಟ್ ಹಾಕಿಕೊಂಡು ಆಡುವ ಆಸೆ ನಮ್ಮವರಿಗೆ ಸಹಜ. 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ 1 ನಡೆದ, ಮೂರೂ ಸಲ ಸೆಬಾಸ್ಟಿಯನ್ ವೆಟೆಲ್ ಗೆದ್ದ ಟ್ರ್ಯಾಕ್ ಅದು. ಆಡಿ, ಆದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ಲೇಸರ್ ಅಳತೆ ಇರುವುದಿಲ್ಲ, ಏರು ತಗ್ಗು ಅಂದಾಜಿನದ್ದಾಗಿರುತ್ತದೆ. ಬ್ರೇಕ್ ಕಲಿಯುವುದಕ್ಕೆ ಅಧಿಕೃತ ಟ್ರ್ಯಾಕೇ ವಾಸಿ.

ಆಡಿದ ಮೇಲೆ ಬ್ರೇಕ್, ಆಕ್ಸಿಲರೇಟರ್ ಎಲ್ಲಿ ಎಷ್ಟು ಒತ್ತಿದಿರಿ ಎಂಬ ಗ್ರಾಫ್ ನೋಡುವ ಅಭ್ಯಾಸ ಇರಲಿ. ಕಾಂಪಿಟಿಜಿಯೋನೆ ತನ್ನ ದಾಖಲೆಯನ್ನು ರೇಸಿಂಗ್ ದಾಖಲೆ ಪರಿಶೀಲಿಸುವ ಮೋಟೆಕ್ ತಂತ್ರಾಂಶ ಓದುವ ರೂಪದಲ್ಲೇ ಉಳಿಸಿಕೊಡುತ್ತದೆ. ಬೇರೇನೂ ಅರ್ಥವಾಗದಿದ್ದರೂ ಬ್ರೇಕ್ ಗೆರೆಯೊಂದನ್ನು ನೋಡಿ. ಅದು ಕಡಿದಾಗಿ ಮೇಲೇರಿ, ತುದಿಯಲ್ಲಿ ಸ್ವಲ್ಪ ನಿಂತು, ಆಮೇಲೆ ಉದ್ದದ ಇಳಿಜಾರಿನಂತೆ ಸೊನ್ನೆಗೆ ಬರಬೇಕು. ಏರುವುದೇ ನಿಧಾನವಾಗಿದ್ದರೆ ಹೆದರಿ ಒತ್ತುತ್ತಿದ್ದೀರಿ, ಹತ್ತು ಮೀಟರ್ ಅಲ್ಲೇ ಹೋಯಿತು. ಮೇಲೆ ಸಮತಟ್ಟಾಗಿ ಉಳಿದು ಗೋಡೆಯಂತೆ ಬಿದ್ದರೆ ಟ್ರೇಲ್ ಬ್ರೇಕಿಂಗ್ ಇಲ್ಲ, ಮೂತಿ ತಿರುಗುತ್ತಿಲ್ಲ ಎಂಬ ದೂರಿಗೆ ಅದೇ ಉತ್ತರ. ಗರಗಸದ ಹಲ್ಲಿನಂತಿದ್ದರೆ ಕುರ್ಚಿ ಅಥವಾ ಪೆಡಲ್ ಅಲುಗುತ್ತಿದೆ. ಬ್ರೇಕ್ ಗೆರೆ ಸೊನ್ನೆಯಾದ ಮೇಲೆ ಆಕ್ಸಿಲರೇಟರ್ ಗೆರೆ ಏಳುವವರೆಗೆ ಉದ್ದ ಖಾಲಿ ಬಿದ್ದಿದ್ದರೆ ಬ್ರೇಕ್ ಬೇಗ ಹಾಕಿದ್ದೀರಿ ಎಂದೇ ಅರ್ಥ.

ಕಾರಿನ ಸೆಟಪ್ ತಿದ್ದುವ ಚಟ ಹೊಸಬರಿಗೆ ಬೇಡ, ಎರಡು ಸಂಗತಿ ಸಾಕು. ಒಂದು, ಬ್ರೇಕ್ ಬಯಾಸ್, ಅಂದರೆ ಬ್ರೇಕಿನ ಬಲ ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಹಂಚಿಕೆಯಾಗುವ ಪ್ರಮಾಣ. ಬ್ರೇಕ್ ಬಿಡುತ್ತಾ ತಿರುಗಿಸುವಾಗ ಹಿಂಬದಿ ತಿರುಗಿ ಬರುತ್ತಿದ್ದರೆ ಅರ್ಧ ಪ್ರತಿಶತದಂತೆ ಮುಂದಕ್ಕೆ ಸರಿಸಿ, ಮುಂದಿನ ಟೈರ್ ಲಾಕ್ ಆಗಿ ನೇರ ಹೋಗುತ್ತಿದ್ದರೆ ಹಿಂದಕ್ಕೆ. ಎಂಜಿನ್ ಹಿಂದಿರುವ ಪೋರ್ಷೆ 911ರ ಬಯಾಸ್ ಸಂಖ್ಯೆಯನ್ನು ಎಂಜಿನ್ ಮುಂದಿರುವ ಕಾರಿಗೆ ಹಾಕಿದರೆ ಮೊದಲ ತಿರುವಿನಲ್ಲೇ ಗಿರಕಿ ಹೊಡೆಯುತ್ತೀರಿ. ಎರಡು, ಟೈರ್ ಗಾಳಿ. ಕಾಂಪಿಟಿಜಿಯೋನೆಯ ಈಚಿನ ಆವೃತ್ತಿಯಲ್ಲಿ ಜಿಟಿ3 ಕಾರುಗಳಿಗೆ ಒಣ ಟ್ರ್ಯಾಕಿನಲ್ಲಿ, ಟೈರು ಬಿಸಿಯಾದ ಮೇಲೆ, 26ರಿಂದ 27 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಇರಬೇಕು. ಪಿಟ್‌ನಲ್ಲಿ (ಟ್ರ್ಯಾಕಿನ ಪಕ್ಕ ಕಾರು ಸಿದ್ಧಮಾಡುವ ಜಾಗ) ತಣ್ಣಗಿರುವಾಗ 27 ಹಾಕಿ ಹೊರಟರೆ ಮೂರನೇ ಲ್ಯಾಪಿಗೆ 30 ದಾಟುವುದೂ ಉಂಟು, ಟೈರು ಬಲೂನಿನಂತೆ ಉಬ್ಬಿ ಮಧ್ಯದ ಪಟ್ಟಿ ಮಾತ್ರ ನೆಲ ಮುಟ್ಟುತ್ತದೆ. ಈ ಒತ್ತಡದಲ್ಲಿ ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು 1.2 ಪಿಎಸ್ಐ ಏರುತ್ತದೆ. ಆದ್ದರಿಂದ ಮಧ್ಯಾಹ್ನ ಹೊಂದಿಸಿದ್ದನ್ನು ರಾತ್ರಿ ರೇಸಿಗೆ ಹಾಗೇ ಬಳಸಬೇಡಿ.

ಆನ್‌ಲೈನಿನಲ್ಲಿ ಇನ್ನೊಬ್ಬರ ಜೊತೆ ಓಡುವಾಗಲೂ ಜಗಳ ಹುಟ್ಟುವುದು ಬ್ರೇಕ್ ಹಾಕುವ ಜಾಗದಲ್ಲೇ. ಯುರೋಪಿನ ಸರ್ವರಿಗೆ ಇಲ್ಲಿಂದ 150 ಮಿಲಿಸೆಕೆಂಡ್ ತಡವಿದೆ ಎಂದುಕೊಂಡರೆ, 200 ಕಿ.ಮೀ. ವೇಗದಲ್ಲಿ ಅದು 8 ಮೀಟರಿಗೂ ಹೆಚ್ಚು. ನಿಮ್ಮ ಪರದೆಯಲ್ಲಿ ಕಾಣುವ ಮುಂದಿನ ಕಾರು ಆಟ ಊಹಿಸಿ ತೋರಿಸುತ್ತಿರುವ ಜಾಗದಲ್ಲಿದೆ. ಆತ ಬ್ರೇಕ್ ಹಾಕಿದ ಸುದ್ದಿ ನಿಮಗೆ ತಲುಪುವಷ್ಟರಲ್ಲಿ ನೀವು ಅವನ ಬಂಪರಿನೊಳಗೆ ಇರುತ್ತೀರಿ. ಅಂಥ ರೇಸಿನಲ್ಲಿ ಹಿಂದೆ ಅಂಟಿಕೊಂಡು ಹೋಗದೆ ಒಂದು ಕಾರಿನಷ್ಟು ಪಕ್ಕಕ್ಕೆ ಸರಿದು ಬ್ರೇಕ್ ಹಾಕಿ. ಭಾರತದ್ದೋ ಸಿಂಗಪುರದ್ದೋ ಸರ್ವರ್ ಸಿಕ್ಕರೆ ಅದನ್ನೇ ಆರಿಸಿ, ವೈಫೈ ಬಿಟ್ಟು ತಂತಿ ಹಾಕಿ. ಐರೇಸಿಂಗ್‌ನಲ್ಲಿ ಟ್ರ್ಯಾಕ್ ಬಿಟ್ಟರೆ 1, ಹಿಡಿತ ತಪ್ಪಿದರೆ 2, ಇನ್ನೊಂದು ಕಾರಿಗೆ ಜೋರಾಗಿ ತಾಗಿದರೆ 4 ಎಂದು ಅಂಕ ಬೀಳುತ್ತದೆ. ತಪ್ಪು ಯಾರದ್ದೆಂದು ನೋಡುವುದಿಲ್ಲ, ಇಬ್ಬರಿಗೂ ಬೀಳುತ್ತದೆ. ಅನ್ಯಾಯ ಅನಿಸಬಹುದು. ಆದರೆ ಮೊದಲ ತಿರುವಿನಲ್ಲಿ ತಲೆ ತಗ್ಗಿಸಿ ಹೋಗುವ ಬುದ್ಧಿಯನ್ನು ಇದರಷ್ಟು ಬೇಗ ಬೇರೇನೂ ಕಲಿಸದು.

ನಿಮ್ಮ ಲೇಖನದ ಕೊನೆಯಲ್ಲಿ ಸಿಮ್ಯುಲೇಶನ್ ರೇಸಿಂಗನ್ನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಸಾಲಿನಲ್ಲಿ ನಿಲ್ಲಿಸಿದ್ದು ಸರಿಯಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಇ-ಸ್ಪೋರ್ಟ್ಸ್ (ವಿಡಿಯೊ ಆಟಗಳ ಸ್ಪರ್ಧೆ) ಮತ್ತು ಹಣ ಪಣಕ್ಕಿಡುವ ಆಟಗಳನ್ನು ಬೇರೆಬೇರೆಯಾಗಿ ಇಟ್ಟಿದೆ. ಹಾಗೆಂದು ಸಿಮ್ಯುಲೇಶನ್ ಆಡಿದವರೆಲ್ಲ ರೇಸರ್ ಆಗುತ್ತಾರೆ ಎಂಬ ಆಸೆ ಹುಟ್ಟಿಸುವುದೂ ತಪ್ಪು. ಗ್ರ್ಯಾನ್ ಟುರಿಸ್ಮೊ ಆಟದ ಸ್ಪರ್ಧೆ ಗೆದ್ದು 2011ರಲ್ಲಿ ನಿಜವಾದ ರೇಸ್ ಕಾರು ಹತ್ತಿದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಥರದವರು ಬೆರಳೆಣಿಕೆಯಷ್ಟು. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಬಂದದ್ದು ಕಾರ್ಟಿಂಗ್ ದಾರಿಯಿಂದ. ಮೈಗೆ ತಾಗುವ ಜಿ ಬಲ ಮನೆಯ ಕುರ್ಚಿಯಲ್ಲಿ ಸಿಗುವುದಿಲ್ಲ. ಹಿಂಬದಿ ಜಾರುವುದು ನಿಜವಾದ ಕಾರಿನಲ್ಲಿ ಸೊಂಟಕ್ಕೆ ಮೊದಲು ತಿಳಿಯುತ್ತದೆ, ಇಲ್ಲಿ ಕಣ್ಣಿಗೂ ಕೈಗೂ ತಡವಾಗಿ ತಿಳಿಯುತ್ತದೆ.

ಕಡೆಗೊಂದು ಎಚ್ಚರಿಕೆ, ಪರವಾನಗಿ ಇರುವ ವಯಸ್ಕರಿಗೆ. ಸಿಮ್ಯುಲೇಶನ್‌ನಲ್ಲಿ ಬ್ರೇಕ್ ಹೆಚ್ಚಾಗಿ ಎಡಗಾಲಿನ ಕೆಲಸ. ಅದನ್ನು ಕ್ಲಚ್ ಇರುವ ರಸ್ತೆಯ ಕಾರಿನಲ್ಲಿ ಪ್ರಯೋಗಿಸಬೇಡಿ. ಕ್ಲಚ್ಚನ್ನು ಪೂರ್ತಿ ತುಳಿದೇ ಅಭ್ಯಾಸವಾದ ಎಡಗಾಲು ಒತ್ತಿದ ಬಲವನ್ನು ಹೆಚ್ಚಿಸುವ ಸರ್ವೊ ಇರುವ ಮೆತ್ತಗಿನ ಬ್ರೇಕಿನ ಮೇಲೆ ಅದೇ ಬಲದಿಂದ ಬಿದ್ದರೆ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ, ಹಿಂದೆ ಬರುತ್ತಿರುವ ಬೈಕಿನವನಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ.

ಇತಿ,
ಒಬ್ಬ ಓದುಗ, ಹುಬ್ಬಳ್ಳಿ